ಕುಳ್ಳಮ್ಮನ ಕಾಳಿನ ಬಾತು

ಬ್ಯಾರನ್ನಿನ ಬಿಸಿ ಕೋಣೆಯಲ್ಲಿ ಐದು ದಿನ ಉರಿಯ ಹದ ತಪ್ಪದಂತೆ ಹೊಗೆಸೊಪ್ಪು ಬೇಯಿಸುವ ಗಂಡಸಿಗೆ ಒಂದು ಪಾತ್ರೆ ಅವರೆಕಾಳು ಬಾತ್ ಯಾವ ಮಹಾ ವಿದ್ಯೆ? ಶ್ರಾವಣದ ಎರಡನೇ ಸೋಮವಾರ ಊಟದ ಎಲೆಯ ಮುಂದೆ ಕೂತು ನಾನು ಹೀಗೆ ಘೋಷಿಸಿದೆ. ಕೇಳಿಸಿಕೊಂಡವರು ನನ್ನ ಹೆಂಡತಿ ಸುಕನ್ಯ ಮತ್ತು, ನನ್ನ ಗಂಟಲಿನ ಗಾತ್ರಕ್ಕೆ, ಅಕ್ಕಪಕ್ಕದ ನಾಲ್ಕು ಮನೆಯವರು.

ನಮ್ಮ ಮನೆಯಲ್ಲಿ ಶ್ರಾವಣ ಸೋಮವಾರ ಒಪ್ಪೊತ್ತು. ಹಗಲೆಲ್ಲ ನೀರು, ಸಂಜೆ ದೇವರಿಗೆ ಎಡೆ ಇಟ್ಟ ಮೇಲೆ ಒಂದೇ ಊಟ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅವರೆಕಾಳು ಬಾತ್. ಇಪ್ಪತ್ನಾಲ್ಕು ವರ್ಷದಿಂದ ಅದೇ ಬಾತ್, ಅದೇ ಕಮ್ಮಿ ಖಾರ.

"ಇದನ್ನ ಜ್ವರ ಬಂದೋರ್ಗೆ ಕೊಡು," ಎಂದೆ.

"ಹಸ್ದ ಹೊಟ್ಟೆಗೆ ಜಾಸ್ತಿ ಖಾರ ಬೀಳ್ಬಾರ್ದು ಕಣ್ರೀ."

"ಮುಂದಿನ ವಾರ ನಾನು ಮಾಡ್ತೀನಿ ನೋಡು. ಒಂದು ತುತ್ತಿಗೆ ನೆತ್ತಿ ಬೆವರ್ಬೇಕು."

"ಮಾಡಿ. ನಾನು ಬೆಟ್ಟದಪುರದ ಬೆಟ್ಟನಾದ್ರೂ ಹತ್ತಿ ಶಿವನ್ನ ನೋಡ್ಕಂಡು ಬತ್ತೀನಿ. ಯಾವ್ದು ಎಲ್ಲದೆ ಅಂತ ಹೇಳಿಕೊಟ್ಟೋಗ್ಲಾ?"

"ನನ್ನ ಮನೇಲಿ ಏನದೆ ಅಂತ ನಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅದೇ ಈ ಕತೆ.

ಮೂರನೇ ಸೋಮವಾರ ಅವಳು ಬೆಳಗಿನ ಬಸ್ಸಿಗೆ ಹೋದಳು. ನಾನು ಮಧ್ಯಾಹ್ನ ಅಡುಗೆಮನೆಗೆ ಪಟ್ಟಾಭಿಷೇಕಕ್ಕೆ ಹೊರಟವನಂತೆ ಕಾಲಿಟ್ಟೆ. ಡಬ್ಬದಲ್ಲಿ ಅಂಗಡಿಯ ಅವರೆಕಾಳು ಸಿಕ್ಕಿತು. ತೆಗೆದು ನೋಡಿದರೆ ಅರ್ಧ ಕಾಳು, ಅರ್ಧ ಹುಳ. ಹಸಿವಿಗೆ ಮೊದಲೇ ಚುರುಗುಟ್ಟುತ್ತಿದ್ದ ಹೊಟ್ಟೆಯಿಂದ ಕೋಪ ನೇರ ತಲೆಗೆ ಹೋಯಿತು. ಅಲಮಾರು, ಮಂಚದ ಕೆಳಗೆ, ಎಲ್ಲ ಜಾಲಾಡಿ ಕಡೆಗೆ ಅಟ್ಟ ಹತ್ತಿದೆ. ಅಲ್ಲಿ ಮೂಲೆಯಲ್ಲಿ, ಹಳೇ ಗೋಣಿಯ ಹಿಂದೆ, ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮೆತ್ತಿದ ಒಂದು ಮಡಕೆ.

ಒಡೆದು ನೋಡಿದೆ. ಮೇಲೆ ಬೂದಿ, ಬೇವಿನ ಸೊಪ್ಪು. ಅದರ ಕೆಳಗೆ ದಪ್ಪ ದಪ್ಪ ಅವರೆಕಾಳು. ಒಂದಕ್ಕೂ ತೂತಿಲ್ಲ.

ಬಾಯಲ್ಲಿ ನೀರೂರಿತು. ಜೊತೆಗೇ ಒಂದು ಅನುಮಾನವೂ ಹುಟ್ಟಿತು. ನನಗೆ ಹುಳದ ಕಾಳು, ಅಟ್ಟದ ಮೇಲೆ ಮುತ್ತಿನಂಥ ಕಾಳು. ಯಾರಿಗೆ? ಇನ್ನಾರಿಗೆ, ಹೆಚ್.ಡಿ. ಕೋಟೆಯಲ್ಲಿರುವ ಅವಳ ಅಣ್ಣನಿಗೆ. ಗೌರಿ ಹಬ್ಬಕ್ಕೆ ಬಾಗಿನ ತರುವ ನೆಪದಲ್ಲಿ ಬಂದವನು ಚೀಲ ತುಂಬಿಸಿಕೊಂಡು ಹೋಗುವುದಕ್ಕೆ. ನ್ಯಾಯಾಧೀಶ ನಾನೇ, ಸಾಕ್ಷಿ ನಾನೇ. ತೀರ್ಪೂ ಅಟ್ಟದ ಮೇಲೆಯೇ ಆಯಿತು: ಒಂದು ಕಾಳೂ ಹೆಚ್.ಡಿ. ಕೋಟೆಯ ಬಸ್ಸು ಹತ್ತಬಾರದು. ಅಷ್ಟನ್ನೂ ಬೇಯಿಸುತ್ತೇನೆ.

ಬೂದಿ ಹೋಗಲು ಏಳು ನೀರಿನಲ್ಲಿ ತೊಳೆದೆ. ಹಿಂದಿನ ರಾತ್ರಿಯೇ ನೆನೆಹಾಕಬೇಕು ಅನ್ನುವುದು ನನಗೆ ಯಾರು ಹೇಳಬೇಕು? ಹೇಳುತ್ತೇನೆ ಅಂದವಳನ್ನು ಬೆಟ್ಟಕ್ಕೆ ಕಳಿಸಿದ್ದೆ. ಕುಕ್ಕರು ಹದಿನಾಲ್ಕು ಸಲ ಕೂಗಿದರೂ ಕಾಳು ಗೋಲಿಯಂತೆಯೇ ಇತ್ತು. ಇನ್ನೂ ಹತ್ತು ಕೂಗಿಸಿದೆ. ಆಮೇಲೆ ಬೆಂದವು, ಬೆಂದು ಉಬ್ಬಿದವು. ಇಷ್ಟು ಕಾಳಿಗೆ ಇಷ್ಟು ಅಕ್ಕಿ ಎಂದು ಸುರಿದೆ. ಅಕ್ಕಿಯೂ ಉಬ್ಬಿತು. ಕುಕ್ಕರಿನಿಂದ ಪಾತ್ರೆಗೆ, ಪಾತ್ರೆಯಿಂದ ಮದುವೆ ಮನೆಯ ತಪ್ಪಲೆಗೆ, ತಪ್ಪಲೆ ಸಾಲದೆ ಬಕೆಟ್ಟಿಗೆ ಬಾತು ಬಂತು. ಉಳಿದದ್ದು ನೀರಿನ ತೊಟ್ಟಿಯೊಂದೇ.

ಖಾರಕ್ಕೆ ಸೂಜಿಮೆಣಸಿನಕಾಯಿ ಅರೆದೆ. ಎಷ್ಟು ಹಾಕಬೇಕು? ರುಚಿ ನೋಡುವ ಹಾಗಿಲ್ಲ, ದೇವರಿಗಿಂತ ಮೊದಲು ನಾಲಿಗೆಗೆ ಇಟ್ಟರೆ ಎಡೆ ಎಂಜಲಾಗುತ್ತದೆ. ಮೂಗಿನಿಂದಲೇ ಅಂದಾಜು ಮಾಡಿದೆ. ಮೂಗು ಸಾಲದು ಅಂದಿತು, ಇನ್ನೊಂದು ಹಿಡಿ ಹಾಕಿದೆ. ಒಲೆ ಪಕ್ಕ ಮಲಗಿದ್ದ ಬೆಕ್ಕು ಎದ್ದು ಎರಡು ಸಲ ಸೀನಿ, ನನ್ನನ್ನೊಮ್ಮೆ ನೋಡಿ ಮನೆ ಬಿಟ್ಟು ಹೋಯಿತು.

ಸಂಜೆ ಸುಕನ್ಯ ಬಂದಳು. ಬರಿಗಾಲಲ್ಲಿ ಬೆಟ್ಟ ಹತ್ತಿ ಇಳಿದು ಸೋತಿದ್ದಳು. ಸ್ನಾನ ಮಾಡಿ ಎಡೆ ಇಟ್ಟು, ದೀಪ ಹಚ್ಚಿ, ನನ್ನೆದುರು ಎಲೆ ಹಾಕಿಕೊಂಡು ಕೂತಳು.

ಮೊದಲ ತುತ್ತು ನಾನು ತಿಂದೆ. ನನ್ನ ಹೆಸರು ನೀಲಕಂಠಸ್ವಾಮಿ. ಅಂದು ನನ್ನ ಕಂಠಕ್ಕೆ ಯಾವ ಬಣ್ಣ ಬಂದಿತ್ತೋ ಆ ಶಿವನೇ ಬಲ್ಲ. ಬಿಕ್ಕಳಿಕೆ ಹಿಡಿದು ಚೊಂಬು ಎತ್ತಿ ಗಟಗಟ ಕುಡಿದೆ. ಕಣ್ಣೊರೆಸಿಕೊಂಡು ನೋಡಿದರೆ ಸುಕನ್ಯಳ ಕಣ್ಣಲ್ಲೂ ನೀರು. ಗೆದ್ದೆ ಅಂದುಕೊಂಡೆ. ಅವಳು ಬಾತು ನೋಡುತ್ತಿರಲಿಲ್ಲ. ಬೆರಳ ತುದಿಯಲ್ಲಿ ಒಂದು ಕಾಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಈ ಕಾಳು ಎಲ್ಲಿದ್ದೋ?"

"ಅಟ್ಟದ ಮೇಲೆ. ನೀನೇ ಬಚ್ಚಿಟ್ಟಿದ್ಯಲ್ಲ, ನಿಮ್ಮಣ್ಣನ ಮನೆಗೆ."

"ಎಷ್ಟು ಹಾಕಿದ್ರಿ?"

"ಅಷ್ಟೂ."

ಹಿಡಿದಿದ್ದ ಕಾಳನ್ನು ಎಲೆಯ ಅಂಚಿಗೆ ಇಟ್ಟಳು. "ಅದು ಬಿತ್ತನೆ ಕಾಳು ಕಣ್ರೀ. ಮದ್ವೇಲಿ ಮಡಿಲಕ್ಕಿ ಜೊತೆ ನಮ್ಮವ್ವ ಸೆರಗಿಗೆ ಕಟ್ಟಿ ಕಳ್ಸಿದ್ದು. ವರ್ಷ ವರ್ಷ ಬಿತ್ತಿ, ಎತ್ತಿಟ್ಕಂಡು ಬಂದಿದ್ದೆ."

ರಾಗಿ ಹೊಲದಲ್ಲಿ ನಡುನಡುವೆ ಅವರೆಯ ಅಕ್ಕಡಿ ಸಾಲು ಬಿಡುವುದು ನಮ್ಮ ಕಡೆಯ ರೂಢಿ. ಸಾಲು ಹೊಡೆಯುವವನು ನಾನು, ಹಿಂದೆ ಕಾಳು ಬಿಡುತ್ತಾ ಬರುವವಳು ಅವಳು. ಇಪ್ಪತ್ನಾಲ್ಕು ವರ್ಷ ಒಂದು ದಿನವೂ ತಿರುಗಿ ನಿಂತು, ಆ ಮಡಿಲಲ್ಲಿರುವ ಕಾಳು ಎಲ್ಲಿಂದ ಬಂತು ಅಂತ ಕೇಳಿರಲಿಲ್ಲ. ಅತ್ತೆ ಕುಳ್ಳಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅವಳ ಕಡೆಯಿಂದ ನಮ್ಮ ಮನೆಯಲ್ಲಿ ಉಳಿದಿದ್ದದ್ದು ಈಗ ಬಕೆಟ್ಟಿನಲ್ಲಿ ಹಬೆಯಾಡುತ್ತಿತ್ತು.

"ಬಯ್ಯೇ, ಸುಮ್ನಿರ್ಬ್ಯಾಡ," ಎಂದೆ.

"ಬಯ್ದ್ರೆ ಬೆಂದ ಕಾಳು ಮೊಳೀತದಾ?" ಎಂದು ತುತ್ತು ಕಲಸಿದಳು. ಅಷ್ಟು ಖಾರದ ಬಾತನ್ನು ಕೊನೆಯ ಕಾಳಿನವರೆಗೂ ತಿಂದಳು. ನೀರನ್ನೂ ಕುಡಿಯಲಿಲ್ಲ.

ನನ್ನ ಕೋಪಕ್ಕೆ ಯಾವಾಗಲೂ ಎದುರಿಗೆ ಒಬ್ಬರು ಬೇಕು. ಅಂದು ಅದಕ್ಕೆ ಸಿಕ್ಕಿದವನು ನಾನೊಬ್ಬನೇ.

ಬೆಳಿಗ್ಗೆ ಎದ್ದವನೇ ಪಾತ್ರೆ ತೊಳೆದ ನೀರು ಹೋಗುವ ಚರಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಸರು ಕೆದಕಿದೆ. ತೊಳೆಯುವಾಗ ಜಾರಿಹೋದ ಹಸಿ ಕಾಳು ಏಳು ಸಿಕ್ಕವು. ಒರೆಸಿ ತಂದು ಸುಕನ್ಯಳ ಅಂಗೈಗೆ ಇಟ್ಟೆ.

"ಏಳು ಕಾಳಿಗೆ ಎಷ್ಟು ಸಾಲು ಹೊಡೀತೀರಿ?" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಲಿಂಗರಾಜಣ್ಣನ ಮನೇಲಿ ಅದೆ," ಎಂದಳು.

ಅದನ್ನು ಕೇಳಿ ನನಗೆ ರಾತ್ರಿಯ ಬಿಕ್ಕಳಿಕೆ ಮತ್ತೆ ಬಂತು. ಎರಡು ವರ್ಷದ ಹಿಂದೆ ಸುಕನ್ಯ ಇದೇ ಕಾಳನ್ನು ಪಕ್ಕದ ಹೊಲದ ಲಿಂಗರಾಜುವಿನ ಹೆಂಡತಿ ಸೋಮಮ್ಮನಿಗೆ ಒಂದು ಸೇರು ಕೊಟ್ಟಿದ್ದಳು. ನಾನು ಅವರ ಬಾಗಿಲಿಗೆ ಹೋಗಿ, ನನ್ನ ಮನೆ ಕಾಳು ತಿನ್ನೋಕೆ ನಾಚಿಕೆ ಆಗಲ್ವಾ ಎಂದು ಬೀದಿ ತುಂಬ ಕೂಗಿ ಬಂದಿದ್ದೆ. ಅಂದಿನಿಂದ ಮಾತಿಲ್ಲ.

ಹೋದೆ. ಲಿಂಗರಾಜು ಜಗಲಿಯಲ್ಲಿ ಕೂತಿದ್ದ.

"ಏನ್ಲಾ ನೀಲಕಂಠ, ಇವತ್ತು ಯಾವುದ್ರ ಜಗ್ಳ?"

"ಜಗ್ಳಕ್ಕೆ ಬಂದಿಲ್ಲ."

"ಮೈಗೆ ಹುಷಾರಿಲ್ವಾ ಅಂಗಾದ್ರೆ?"

ನಡೆದದ್ದೆಲ್ಲ ಹೇಳಿದೆ. ಬಕೆಟ್ಟಿನ ವಿಷಯಕ್ಕೆ ಬಂದಾಗ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಒಳಗಿನಿಂದ ಸೋಮಮ್ಮ ಬಂದಳು.

"ಕುಳ್ಳಮ್ಮನ ಕಾಳು ತಾನೇ ಅಣ್ಣ? ಅದೆ. ಈ ಬೀದೀಲಿ ಆರು ಮನೇಲದೆ. ಎಲ್ರಿಗೂ ಸುಕನ್ಯಕ್ಕನೇ ಕೊಟ್ಟಿದ್ದು."

ಕಾಳಿಗೆ ನಮ್ಮತ್ತೆಯ ಹೆಸರಿದೆ ಎಂದು ಬೀದಿಗೆಲ್ಲ ಗೊತ್ತಿತ್ತು, ಅಳಿಯನಾದ ನನಗೆ ಗೊತ್ತಿರಲಿಲ್ಲ. ನಾನು ಪಂಚೆಯ ಮಡಿಲೊಡ್ಡಿದೆ. ಸೋಮಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ನಿಮ್ ಕೈಗೆ ಬ್ಯಾಡ. ಅಕ್ಕನ್ನ ಕಳ್ಸಿ."

ಆ ವಾರವೇ ಬಿತ್ತಿದೆವು. ನಾನು ಸಾಲು ಹೊಡೆದೆ, ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡಿದೆ. "ಮುಂದೆ ನೋಡ್ಕಂಡು ಹೊಡೀರಿ, ಸಾಲು ಸೊಟ್ಟಗೋಯ್ತದೆ," ಎಂದು ಬೈಸಿಕೊಂಡೆ. ಅದೂ ಹಿತವಾಗಿತ್ತು. ಆ ವರ್ಷದ ಉಳಿದ ಸೋಮವಾರಗಳಲ್ಲಿ ಸಪ್ಪೆ ಬಾತನ್ನು ತುಟಿ ಎರಡು ಮಾಡದೆ ಉಂಡೆ.

ಸಂಕ್ರಾಂತಿ ಕಳೆದು ಕಾಳು ಮನೆಗೆ ಬಂತು. ಸುಕನ್ಯ ಹೊಸ ಮಡಕೆಗೆ ಬೂದಿ, ಬೇವಿನ ಸೊಪ್ಪು ಹಾಕಿ, ಕಾಳು ತುಂಬಿ, ಬಾಯಿಗೆ ಬಟ್ಟೆ ಕಟ್ಟಿದಳು. ಸಗಣಿ ಕಲಸಿಕೊಟ್ಟವನು ನಾನೇ. ಅಟ್ಟಕ್ಕೆ ಏಣಿಯನ್ನೂ ಹಾಕಿದೆ. ಅವಳು ಮಡಕೆಯನ್ನು ಸೊಂಟಕ್ಕೆ ಇಟ್ಟುಕೊಂಡು ಸೋಮಮ್ಮನ ಮನೆ ಕಡೆ ಹೊರಟಳು.

"ಯಾಕೆ, ನಮ್ಮ ಅಟ್ಟದಲ್ಲಿ ಜಾಗ ಇಲ್ವಾ?" ಎಂದು ಕೇಳಿದೆ.

"ಜಾಗ ಅದೆ ಕಣ್ರೀ," ಎಂದಳು, ಹೊಸಲು ದಾಟುತ್ತಾ. "ಅಡುಗೆ ಭಟ್ರೂ ಇಲ್ಲೇ ಅವ್ರಲ್ಲ."