ಲೊಚಗುಟ್ಟಬಾರದ ಮನೆ

ವೀರಬಸಪ್ಪನವರ ಮನೆಯಲ್ಲಿ ಯಾರೂ ಲೊಚಗುಟ್ಟುವಂತಿರಲಿಲ್ಲ. ಗದುಗಿನ ಚಿಕ್ಕಪ್ಪ ತೀರಿಕೊಂಡ ಸುದ್ದಿ ಬಂದಾಗಲೂ ಮನೆಯವರೆಲ್ಲ ತುಟಿ ಬಿಗಿಹಿಡಿದು ನಿಂತಿದ್ದರು. ಕಲ್ಲೆದೆಯವರು ಎಂದು ಕೆಂಪಾಪುರದ ಜನ ಆಡಿಕೊಂಡರು. ಕಾರಣ ಇಷ್ಟೇ: ಸೈನ್ಯದ ಕುದುರೆ ಪಡೆಯಲ್ಲಿ ಸವಾರಿ ಕಲಿಸಿ ನಿವೃತ್ತರಾದ ವೀರಬಸಪ್ಪ ಈಗ ಮನೆಯ ಹಿಂದೆಯೇ ಕುದುರೆ ತಳಿ ಬೆಳೆಸಿ, ಅವಕ್ಕೆ ಡ್ರೆಸಾಜ್ ಎಂಬ ನಡಿಗೆಯ ವಿದ್ಯೆ ಹೇಳಿಕೊಡುತ್ತಿದ್ದರು. ಅವರ ಪಾಠದಲ್ಲಿ ಚಾಟಿಯಿಲ್ಲ. ಒಮ್ಮೆ ಲೊಚ್ ಎಂದರೆ ಕುದುರೆ ಹೆಜ್ಜೆ ಹಾಕಬೇಕು, ಬಿಡದೆ ಲೊಚಗುಟ್ಟಿದರೆ ಕುಣಿಯಬೇಕು. ಮನೆಯವರು ಮರುಕಪಟ್ಟು ಲೊಚಗುಟ್ಟಿದರೆ ಲಾಯದಲ್ಲಿ ಪಾಠ ಕೆಡುತ್ತಿತ್ತು.

ಈ ಮನೆಯಲ್ಲೇ ಇದ್ದ ಅಳಿಯ ಪಂಚಾಕ್ಷರಿ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಕಂದು ಕುದುರೆ ಕಸ್ತೂರಿ ಹುಟ್ಟಿದ್ದೂ ಅವನ ಮದುವೆಯಾದದ್ದೂ ಒಂದೇ ವಾರ. ಮಾವನಿಗೆ ಇಬ್ಬರಲ್ಲಿ ಯಾರು ಹೆಚ್ಚು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಾವನ ಮಂಡಿ ಕೈಕೊಟ್ಟ ಮೇಲೆ ಕಸ್ತೂರಿಯನ್ನು ಹತ್ತುವ ಭಾಗ್ಯ ಅಳಿಯನಿಗೆ ಬಂತು. ಬೆಳಗಾಗೆದ್ದು ಸವಾರಿ, ಆಮೇಲೆ ಆಫೀಸು. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ.

ಈಗ ಕಾರ್ಖಾನೆಯವರು ಅವನಿಗೆ ಕ್ವಾರ್ಟರ್ಸ್ ಕೊಟ್ಟಿದ್ದರು. ನಲ್ಲಿ ನೀರು, ಸಿಮೆಂಟ್ ನೆಲ, ಹತ್ತಿರದಲ್ಲೆಲ್ಲೂ ಲದ್ದಿಯಿಲ್ಲ. ಸೋಮವಾರ ಬೀಗದಕೈ ತೆಗೆದುಕೊಳ್ಳದಿದ್ದರೆ ಮನೆ ಬೇರೆಯವರ ಪಾಲು. ಹೆಂಡತಿ ರತ್ನವ್ವ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಯೂ ಆಗಿತ್ತು. ಆದರೆ ಮಾವ ಒಂದು ಷರತ್ತು ಹಾಕಿದರು.

"ಭಾನುವಾರ ಮುಜಫ್ಫರ್ ಸಾಹೇಬ್ರು ಬರ್ತಾರ. ನೀವು ಸವಾರ ಅಲ್ಲ ಅಂತ ಅವರು ಅಂದ್ರ, ಮರುದಿನ ನಾನ ನಿಮ್ಮ ಸಾಮಾನು ಗಾಡಿಗೆ ಹೇರ್ತೀನ್ರಿ. ಸವಾರ ಅಂದ್ರ ಮಾತ್ರ ಇಲ್ಲೇ ಇರಬೇಕು."

ಮುಜಫ್ಫರ್ ಸಾಹೇಬರು ಮಾವನ ಹಳೆಯ ಮೇಲಧಿಕಾರಿ. ಕಣ್ಣು ಬಹಳ ಚುರುಕು. ಕಿವಿಯನ್ನು ಮಾತ್ರ ಸೈನ್ಯದ ತೋಪುಗಳಿಗೆ ಬಿಟ್ಟುಕೊಟ್ಟು ಬಂದಿದ್ದರು. ಪಂಚಾಕ್ಷರಿ ಒಳಗೊಳಗೇ ಹಿಗ್ಗಿದ. ಸವಾರನಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಸುಲಭದ ಕೆಲಸ ಯಾವುದಿದೆ? ಏನೂ ಮಾಡದೆ ಕೂತರಾಯಿತು.

ಭಾನುವಾರ ಬೆಳಿಗ್ಗೆ ಮಾವನ ಬೂಟು ತೊಟ್ಟು ಅವನು ಹೊರಗೆ ಬಂದರೆ ಬೇಲಿಯುದ್ದಕ್ಕೂ ಜನ. ಡ್ರೆಸಾಜ್ ಎಂದರೆ ಕುದುರೆಗೆ ಡ್ರೆಸ್ ಹಾಕುವುದೆಂದು ತಿಳಿದು ಬಂದಿರಬೇಕು ಎಂದುಕೊಂಡ. ಎಲ್ಲರಿಗಿಂತ ಮುಂದೆ ನಿಂತವರು ಪಕ್ಕದ ಮನೆಯ ಅಂಜನಮ್ಮ. ಊರಿನ ಯಾವ ಕಷ್ಟವೂ ಆಕೆಯ ಮರುಕದಿಂದ ತಪ್ಪಿಸಿಕೊಂಡದ್ದಿಲ್ಲ.

ಪಂಚಾಕ್ಷರಿ ಹತ್ತಿ ಕೂತ. ಲಗಾಮು ಸಡಿಲ, ಕಾಲು ಸಡಿಲ, ಬಾಯಿ ಬಂದ್. ಕಸ್ತೂರಿ ನೆಟ್ಟ ಕಂಬದಂತೆ ನಿಂತಿತು. ಸಾಹೇಬರು ಹುಬ್ಬು ಗಂಟಿಕ್ಕಿದರು. ಸೋಲನ್ನು ಇನ್ನಷ್ಟು ಗಟ್ಟಿ ಮಾಡೋಣವೆಂದು ಅವನು ಮುಖವನ್ನೂ ಜೋತುಬಿಟ್ಟ. ಎಡವಟ್ಟಾದದ್ದು ಅಲ್ಲೇ.

"ಅಯ್ಯೋ ಪಾಪ, ಓದಿರೋ ಹುಡ್ಗ, ಇಂಗೆ ಕುದ್ರೆ ಮ್ಯಾಲೆ ಕುಂತವ್ನೆ," ಎಂದು ಅಂಜನಮ್ಮ ಲೊಚಗುಟ್ಟಿದರು.

ಕಸ್ತೂರಿ ಕತ್ತು ಬಾಗಿಸಿ ಗಂಭೀರವಾಗಿ ಹೆಜ್ಜೆಯಿಟ್ಟಿತು. ಪಂಚಾಕ್ಷರಿಯ ಮುಖ ಬಿಳುಚಿತು. ಅದನ್ನು ಕಂಡು ಪಕ್ಕದವರೂ ಲೊಚಗುಟ್ಟಿದರು. ಅವನು ಹೆದರಿದಷ್ಟೂ ಬೇಲಿಯ ಮರುಕ ಹೆಚ್ಚಿತು, ಮರುಕ ಹೆಚ್ಚಿದಷ್ಟೂ ಕಸ್ತೂರಿಗೆ ಹುರುಪು ಬಂತು. ಅಡ್ಡಡ್ಡ ನಡೆಯಿತು, ಬುಗುರಿಯ ಹಾಗೆ ತಿರುಗಿತು, ನಿಂತಲ್ಲೇ ಕಾಲೆತ್ತಿ ಕುಣಿಯಿತು. ಲಗಾಮು ಎಳೆಯೋಣವೆಂದರೆ ಅವನ ಕೈ ಮರಗಟ್ಟಿ ಹೋಗಿತ್ತು.

"ಲೊಚಗುಟ್ಟಬ್ಯಾಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಬೇಲಿಯ ಕಡೆ ನೋಡಿ ಗೋಗರೆದ. ಆ ದೀನ ದನಿ ಕೇಳಿ ಇಡೀ ಬೇಲಿಯೇ ಒಟ್ಟಾಗಿ ಲೊಚಗುಟ್ಟಿತು.

ಕೊನೆಗೆ ಅತ್ತೆ ಚನ್ನಕ್ಕ ಎಲ್ಲರಿಗೂ ಒಗ್ಗರಣೆ ಅವಲಕ್ಕಿ ಹಂಚಿದರು. ಬಾಯಿ ತುಂಬಿದ ಮೇಲೆ ಜನ ಲೊಚಗುಟ್ಟುವುದನ್ನು ನಿಲ್ಲಿಸಿದರು, ಕುದುರೆಯೂ ನಿಂತಿತು.

ಸಾಹೇಬರ ಕಣ್ಣು ಒದ್ದೆಯಾಗಿತ್ತು. "ಕೈ ಅಲ್ಲಾಡ್ಲಿಲ್ಲ, ಕಾಲ್ ಅಲ್ಲಾಡ್ಲಿಲ್ಲ. ಸವಾರ ಏನೂ ಮಾಡ್ದೇ ಇರೋ ಥರಾ ಕಾಣ್ಬೇಕು ವೀರಬಸಪ್ಪ, ಅದೇ ಡ್ರೆಸಾಜ್. ಇಂಥಾ ಸವಾರನ್ನ ನಾನು ನೋಡೇ ಇಲ್ಲ."

ತಾನು ನಿಜವಾಗಿಯೂ ಏನೂ ಮಾಡಲಿಲ್ಲವೆಂದು ಪಂಚಾಕ್ಷರಿ ಅಲವತ್ತುಕೊಂಡ. ಸಾಹೇಬರು ಕಿವಿಗೆ ಕೈಯೊಡ್ಡಿ ಕೇಳಿ, ಅವನ ವಿನಯವನ್ನೂ ಮೆಚ್ಚಿ ಒಳಗೆ ಹೋದರು. ರತ್ನವ್ವ ಗೋಣಿಚೀಲದಿಂದ ಪಾತ್ರೆ ತೆಗೆದು ಮತ್ತೆ ಜೋಡಿಸುವ ಸದ್ದು ಕೇಳಿಸತೊಡಗಿತು.

ಕುದುರೆಯ ಡ್ರೆಸ್ ನೋಡಿ ತೃಪ್ತಿಯಾಯಿತೇ ಎಂದು ಪಂಚಾಕ್ಷರಿ ಕುದುರೆಯ ಮೇಲಿಂದಲೇ ಅಂಜನಮ್ಮನನ್ನು ಸಿಡುಕಿನಿಂದ ಕೇಳಿದ.

"ಡ್ರೆಸ್ ಯಾರಿಗ್ ಬೇಕಿತ್ತು ಸ್ವಾಮಿ? ನಿಮ್ ಮಾವ್ನೋರೇ ನೆನ್ನೆ ಮನೆಮನೆಗೂ ಬಂದು, ನಮ್ಮ ಅಳಿಯನ ಗೋಳು ನೋಡಕ್ ಬನ್ನಿ ಅಂತ ಕರದ್ರು."

ಪಂಚಾಕ್ಷರಿ ತಿರುಗಿ ನೋಡಿದ. ಮಾವ ಲಾಯದ ಬಾಗಿಲಲ್ಲಿ ನಿಂತು, ಚಿಕ್ಕಪ್ಪ ತೀರಿಕೊಂಡ ದಿನದಂತೆಯೇ ತುಟಿ ಬಿಗಿಹಿಡಿದಿದ್ದರು. ಮೀಸೆ ಮಾತ್ರ ಅಲುಗುತ್ತಿತ್ತು. ಜಾಲಹಳ್ಳಿಯ ನಲ್ಲಿ ನೀರು ನೆನಪಾಗಿ ಅವನಿಗೆ ತನ್ನ ಮೇಲೆಯೇ ಕನಿಕರ ಉಕ್ಕಿತು. ಮೈಮರೆತು ಲೊಚಗುಟ್ಟಿದ.

ಕಸ್ತೂರಿ ಕತ್ತು ಬಾಗಿಸಿ, ಅವನನ್ನು ಹೊತ್ತುಕೊಂಡು ಮತ್ತೆ ಹೆಜ್ಜೆ ಹಾಕತೊಡಗಿತು.