ಮಾವನಿಗೆ ಕಾದಿರಿಸಿದ ಕುರ್ಚಿ

ದೆವ್ವಗಳೇನಾದರೂ ಒಂದು ಸಂಘ ಕಟ್ಟಿಕೊಂಡಿದ್ದರೆ ನಮ್ಮ ಸೋದರಮಾವನಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತಿದ್ದವು. ಇಲ್ಲವೇ ಮಾನನಷ್ಟ ಮೊಕದ್ದಮೆ ಹೂಡಿ ಕೋರ್ಟಿಗೆ ಎಳೆಯುತ್ತಿದ್ದವು! ಎರಡರಲ್ಲಿ ಯಾವುದು ಎಂಬುದು ನನಗೆ ಇವತ್ತಿಗೂ ಖಚಿತವಿಲ್ಲ. ಮೈಸೂರಿನಲ್ಲಿ ಕೋರ್ಟಿನ ನಕಲು ಗುಮಾಸ್ತರಾಗಿದ್ದುಕೊಂಡೇ ಮಾವ ಎಪ್ಪತ್ತಕ್ಕೂ ಮೇಲ್ಪಟ್ಟು ದೆವ್ವದ ಕಾದಂಬರಿ ಬರೆದರು. ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಾಳೆಗೊನೆಯ ಪಕ್ಕ ನೇತಾಡುತ್ತಿದ್ದವಲ್ಲ, ರಟ್ಟಿನ ಮೇಲೆ ಬಿಳಿ ಸೀರೆ, ಕೆಂಪು ಕಣ್ಣು? ಅವೇ! ಬಾಡಿಗೆ ಲೈಬ್ರರಿಗಳಲ್ಲಿ ಕೊನೆಯ ಪುಟ ಹರಿದುಹೋದ ಪುಸ್ತಕ ಕಂಡರೆ ಅದು ಮಾವನದೇ ಎಂದು ತಿಳಿಯಬಹುದಿತ್ತು. ಓದಿದವರು ಹೆದರಿ ಹರಿದರೋ, ಸಿಟ್ಟಿನಿಂದ ಹರಿದರೋ, ಆ ವಿಷಯ ಬೇಡ.

ನಿವೃತ್ತರಾದ ಮೇಲೆ ಅವರಿಗೆ ಉಳಿದದ್ದು ಮೂರು ಚಪಲ. ಸಮ್ಮೇಳನ, ಒಳ್ಳೆಯ ಊಟ, ಹಳೆಯ ಸ್ನೇಹಿತರು. ಮೂರೂ ಒಂದೇ ಟಿಕೆಟ್ಟಿನಲ್ಲಿ ಸಿಗುವುದಾದರೆ ಅವರು ಚಂದ್ರಲೋಕಕ್ಕೂ ಹೊರಡುವವರೇ. ಅಂಥ ಒಂದು ಯೋಗ ಒದಗಿದಾಗ ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಕೊಚ್ಚಿಯಲ್ಲಿದ್ದೆ. ಮೊಬೈಲ್ ಇನ್ನೂ ಇಟ್ಟಿಗೆಯಷ್ಟು ಭಾರವಿದ್ದು ಶರ್ಟಿನ ಜೇಬು ಜೋತಾಡಿಸುತ್ತಿದ್ದ ವರ್ಷಗಳವು. ಅದರಲ್ಲಿ ಮಾವನ ದನಿ ಗುಡುಗಿತು: "ಭಯಾನಕ ಸಾಹಿತ್ಯ ಬರೆಯೋರ ಸಮ್ಮೇಳನ ಅಂತೆ ಕಣೋ, ನಿಮ್ಮೂರಲ್ಲೇ! ನಾಲ್ಕು ಭಾಷೆಯೋರು ಬರ್ತಾರೆ. ಅದು ಮುಗಿಸ್ಕೊಂಡು ತಿರುವನಂತಪುರಕ್ಕೆ ಹೋಗಿ ಭಾಸ್ಕರನ್ನ ನೋಡ್ಕೊಂಡು ಬರೋಣ. ನೀನೂ ರಜಾ ಹಾಕು."

ಮಾವನಿಗೊಂದು ಅಭ್ಯಾಸ. ಯಾರ ಮನೆಗೇ ಹೋಗಲಿ, ಚಪ್ಪಲಿ ಬಿಡುವ ಮೊದಲೇ ಕೇಳುತ್ತಾರೆ: "ಇಲ್ಲಿ ಯಾರು ಸತ್ತಿದ್ದು?" ಗೃಹಪ್ರವೇಶದ ಊಟಕ್ಕೆ ಕರೆದವರನ್ನೂ ಬಿಟ್ಟವರಲ್ಲ! ನಮ್ಮ ಬಾಡಿಗೆ ಮನೆಯಲ್ಲೂ ಅದನ್ನೇ ಕೇಳಿದರು. "ಯಾರೂ ಸತ್ತಿಲ್ಲ ಮಾವ, ಸುಮ್ನಿರಿ," ಎಂದೆ. ಅಷ್ಟರಲ್ಲಿ ಕೆಳಗಿನ ಮನೆಯಿಂದ ಮಾಲೀಕರು ಅತಿಥಿಯನ್ನು ಮಾತಾಡಿಸಲು ಹತ್ತಿ ಬಂದರು. ಮಾವ ಅವರನ್ನೇ ಇಂಗ್ಲಿಷಿನಲ್ಲಿ ವಿಚಾರಿಸಿದರು. ಆ ಸಜ್ಜನರು ಸ್ವಲ್ಪವೂ ಬೇಸರಿಸದೆ ನಮ್ಮ ಮಲಗುವ ಕೋಣೆಯ ಕಡೆ ಕೈ ತೋರಿಸಿದರು. "ನಮ್ಮ ಅಮ್ಮಚ್ಚಿ, ಅಂದರೆ ನಮ್ಮ ತಾಯಿ. ಆ ಕಿಟಕಿಯ ಪಕ್ಕದಲ್ಲೇ ಹೋದದ್ದು."

ಆ ಕಿಟಕಿಯ ಪಕ್ಕ ನನ್ನ ಹೆಂಡತಿ ಮೂರು ವರ್ಷದಿಂದ ಮಲಗುತ್ತಿದ್ದಳು! ಅವಳ ಮುಖ ನೋಡಲಾರದೆ ನಾನು ಆರು ವರ್ಷದ ಮಗಳ ಕಡೆ ತಿರುಗಿದೆ. ಅವಳು ಹುಟ್ಟಾ ಕನ್ನಡತಿ, ಉತ್ತರ ಕೊಡುವುದು ಮಾತ್ರ ಮಲಯಾಳದಲ್ಲಿ. ಕ್ರೆಯಾನ್ ಉಜ್ಜುತ್ತಾ ತಲೆಯೆತ್ತದೆ ಅಂದಳು: "ಎನಿಕ್ಕರಿಯಾಂ. ಅಮ್ಮಚ್ಚಿ ಇವಿಡೆಯಾ ಇರಿಕ್ಕುನ್ನದ್." ನನಗೆ ಗೊತ್ತು, ಅಮ್ಮಚ್ಚಿ ಇಲ್ಲೇ ಕೂತಿರೋದು, ಅಂತ!

ಮಾಲೀಕರ ಮನೆಯ ಗೋಡೆಯ ಫೋಟೋ ನೋಡಿ ಹೇಳಿದಳೋ ಏನೋ. ವಿಚಾರಿಸಲು ನಮಗೆ ಧೈರ್ಯ ಬರಲಿಲ್ಲ. ಮಂಚ ಅವತ್ತೇ ಹಾಲಿಗೆ ಬಂತು. ಮಾವ ಮಾತ್ರ ಆ ಕಿಟಕಿಯ ಪಕ್ಕವೇ ಮಲಗಿ ಗೊರಕೆ ಹೊಡೆದರು.

ಸಮ್ಮೇಳನ ನಡೆದದ್ದು ಮಟ್ಟಾಂಚೇರಿಯ ಹಳೆಯ ಮೆಣಸಿನ ಗೋದಾಮಿನಲ್ಲಿ. ಶುಂಠಿ, ಮೆಣಸು, ಒದ್ದೆ ಗೋಣಿಚೀಲ ಸೇರಿದ ಅದೊಂದು ಘಾಟು; ಕಿಟಕಿಯಿಲ್ಲದ ಉದ್ದನೆಯ ಕೋಣೆ; ಹಿಂದುಗಡೆ ಕತ್ತಲೆಯಲ್ಲಿ ಕರಗಿಹೋಗುವ ಮೂಟೆಗಳ ಸಾಲು. ದೆವ್ವ ಬರೆಯುವವರು ಅರವತ್ತು ಜನ ಸೇರಿದ್ದರು. ಅಷ್ಟೂ ಜನ ಮುಂದಿನ ಎರಡು ಸಾಲಿಗೇ ನುಗ್ಗಾಡುತ್ತಿದ್ದುದನ್ನು ನೋಡಿದಾಗಲೇ ನನಗೆ ಅನುಮಾನ ಬಂದಿತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಮಾವನ ಭಾಷಣ. "ಹೆದರಿಸುವವನು ಮೊದಲು ತಾನು ಹೆದರುವುದನ್ನು ಬಿಡಬೇಕು," ಎಂದು ಅವರು ಬೆರಳೆತ್ತಿದರು. ಕರೆಂಟು ಹೋಯಿತು. ಹೊರಗೆ ಉರಿಬಿಸಿಲು, ಒಳಗೆ ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲು. ಆಗ ಹಿಂದಿನ ಮೂಟೆಗಳ ನಡುವಿನಿಂದ ಒಂದು ಕೆಮ್ಮು ಕೇಳಿಸಿತು. ಮುದುಕನ ಕೆಮ್ಮು. ಆಮೇಲೆ ನೆಲದ ಮೇಲೆ ಟಕ್, ಟಕ್, ಟಕ್. ಯಾರೋ ಕೋಲೂರಿಕೊಂಡು ನಮ್ಮತ್ತಲೇ ಬರುತ್ತಿದ್ದರು.

ಅರವತ್ತು ಕಂಠಗಳು ನಾಲ್ಕು ಭಾಷೆಗಳಲ್ಲಿ ತಂತಮ್ಮ ತಾಯಂದಿರನ್ನು ಕೂಗಿಕೊಂಡವು! ನಾನು ಹೇಗೋ ತಡವರಿಸಿಕೊಂಡು ಬೀದಿಗೆ ಬಂದಾಗ ಮಾವ ಎದುರಿನ ಚಹದಂಗಡಿಯಲ್ಲಿದ್ದರು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ಹಿಂದಿನಿಂದ ನಿಧಾನಕ್ಕೆ, ಗೋಣಿಯ ಚೂರು ಅಗಿಯುತ್ತಾ, ಒಂದು ಮುದಿ ಆಡು ಹೊರಗೆ ಬಂತು.

"ಓಡಿಬಂದ್ರಾ ಮಾವ?"

"ಯಾರು ಓಡಿದ್ದು? ಬಾಗಿಲು ತೆಗೆಯೋಕೆ ಬಂದೆ ಕಣೋ."

"ಬಾಗಿಲಿಗೆ ಚಿಲಕಾನೇ ಹಾಕಿರ್ಲಿಲ್ವಲ್ಲ?"

"ಅದು ಇಲ್ಲಿಗೆ ಬಂದಮೇಲೆ ತಾನೇ ಗೊತ್ತಾಗೋದು!"

ಹೆದರಿದ ಹೊಟ್ಟೆಗೆ ಹಸಿವು ಜಾಸ್ತಿಯಂತೆ. ಮಾರನೆಯ ದಿನ ಮಧ್ಯಾಹ್ನ ಹಿನ್ನೀರಿನ ದಂಡೆಯ ದೊಡ್ಡ ಹೋಟೆಲಿಗೆ ನಮ್ಮನ್ನು ಮಾವನೇ ಕರೆದೊಯ್ದರು. ಬಿಳಿ ಮೇಜುಬಟ್ಟೆ, ಕೋಟು ಹಾಕಿದ ಬಡಿಸುವವರು. ಬಾಳೆಲೆಯಲ್ಲಿ ಸುತ್ತಿ ಸುಟ್ಟ ಕರಿಮೀನು ಬಂತು. ಮಾವ ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿ ಸವಿದರು. ಆಮೇಲೆ ಎಲೆಯ ಒಂದೊಂದೇ ಮಡಿಕೆ ಬಿಚ್ಚುತ್ತಾ, ಕಾದಂಬರಿಯ ಹದಿಮೂರನೇ ಅಧ್ಯಾಯದ ದನಿಯಲ್ಲಿ ನನ್ನ ಹೆಂಡತಿಗೆ ಹೇಳಿದರು: "ಹೆಣದ ಬಟ್ಟೆ ಸರಿಸಿದಾಗ ಮೊದಲು ಕಾಣೋದು ಕಣ್ಣು ಕಣಮ್ಮ. ನೋಡು, ನಿನ್ನನ್ನೇ ನೋಡ್ತಿದೆ. ಏನೋ ಹೇಳಬೇಕು ಅಂತಿದೆ, ಪಾಪ."

ಅವಳು ಚಮಚ ಕೆಳಗಿಟ್ಟಳು. ಪಕ್ಕದ ಮೇಜಿನಲ್ಲಿದ್ದ ಕನ್ನಡದ ನವದಂಪತಿ ಎದ್ದು ದೂರದ ಮೇಜಿಗೆ ಹೋದರು. ಮಾವ ಅವಳ ಮೀನನ್ನೂ ತಮ್ಮತ್ತ ಎಳೆದುಕೊಂಡು ಹೇಳಿದರು: "ತಿನ್ನಲ್ವಾ? ನನ್ನ ಓದುಗರೂ ಹೀಗೇ, ಅರ್ಧಕ್ಕೇ ಬಿಡ್ತಾರೆ."

ಅದರ ಮರುದಿನ ನಾನು, ಮಾವ ಇಬ್ಬರೇ ತಿರುವನಂತಪುರದ ರೈಲು ಹತ್ತಿದೆವು. ಎದುರು ಸೀಟಿನಲ್ಲಿ ಕೊಲ್ಲಂಗೆ ಹೊರಟಿದ್ದ ಒಬ್ಬರು ಸಭ್ಯ ಗೃಹಸ್ಥರು. ಸಮಯ ಹೋಗಲೆಂದು ಮಾವ ಅವರಿಗೊಂದು ಕಥೆ ಶುರು ಮಾಡಿದರು, ನನ್ನದು ಮಲಯಾಳ ತರ್ಜುಮೆ. ವೇಳಾಪಟ್ಟಿಯಲ್ಲಿಲ್ಲದ ಒಂದು ಸ್ಟೇಷನ್ನು. ರೈಲು ಅಲ್ಲಿ ಒಂದೇ ನಿಮಿಷ ನಿಲ್ಲುತ್ತದೆ. ಯಾರೂ ಹತ್ತುವುದಿಲ್ಲ, ಆದರೆ ರೈಲು ಹೊರಟ ಮೇಲೆ ಎಣಿಸಿದರೆ ಬೋಗಿಯಲ್ಲಿ ಒಬ್ಬರು ಜಾಸ್ತಿ ಇರುತ್ತಾರೆ. ಎಲ್ಲರಿಗೂ ಎಲ್ಲರೂ ಮೊದಲಿನಿಂದ ಇದ್ದವರಂತೆಯೇ ಕಾಣುತ್ತಾರೆ. ಹೆಚ್ಚಾದವರು ಯಾರು?

"ಎನ್ನಿಟ್ಟ್?" ಎಂದರು ಗೃಹಸ್ಥರು. ಆಮೇಲೆ?

ಕೊಲ್ಲಂ ಬಂತು, ಹೋಯಿತು. ಅವರು ಕದಲಲಿಲ್ಲ. ಕಣ್ಣಿನಲ್ಲೇ ನಮ್ಮ ಬೋಗಿಯ ತಲೆಗಳನ್ನು ಎಣಿಸುತ್ತಿದ್ದರು. ಸತ್ಯ ಹೇಳುತ್ತೇನೆ, ನಾನೂ ಎಣಿಸಿದೆ, ಎರಡು ಸಲ ಎಣಿಸಿದರೆ ಎರಡು ಲೆಕ್ಕ ಬಂತು! ವರ್ಕಲದಲ್ಲಿ ಅವರು ಗಾಬರಿಯಾಗಿ ಇಳಿದು, ಹೊರಟ ರೈಲಿನ ಜೊತೆ ಓಡುತ್ತಾ ಕೂಗಿದರು: "ಸಾರೇ, ಅವಸಾನಂ?" ಕೊನೆಗೇನಾಯ್ತು?

ಮಾವ ಕಿಟಕಿಯಿಂದ ಕೈ ಬೀಸಿದರು. "ಇನ್ನೂ ಬರೆದಿಲ್ಲ!"

ಇನ್ನು ಈ ಭಾಸ್ಕರನ್. ಯೌವನದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ಮೈಸೂರಿಗೆ ಬಂದು, ಮಾವನ ಜೊತೆ ಒಂದೇ ಕೋಣೆಯಲ್ಲಿ ಇದ್ದವರು. ಕನ್ನಡ ಕಲಿತದ್ದು ಮಾವನ ಕಾದಂಬರಿಗಳಿಂದ. ಹಾಗಾಗಿ ಹಾಲಿನವನು ಬಾಗಿಲು ತಟ್ಟಿದರೂ "ಯಾರಲ್ಲಿ! ನಿಲ್ಲು!" ಎಂದೇ ಕೂಗುತ್ತಿದ್ದರಂತೆ! ಮದುವೆಯಾಗಿ ಹೆಂಡತಿ ಸರಸಮ್ಮನನ್ನೂ ಮೈಸೂರಿಗೆ ಕರೆತಂದರು. ಮಾವನ ಕಥೆಗಳನ್ನು ಮಲಯಾಳಕ್ಕೆ ಮಾಡಿ ವಾರಪತ್ರಿಕೆಗಳಿಗೆ ಕಳಿಸುತ್ತಿದ್ದವರೂ ಅವರೇ. ಊರಿಗೆ ಮರಳಿದ ಮೇಲೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು. ಪ್ರಕಾಶಕರು ಕೈಬಿಟ್ಟ ಮೇಲೆ ಮಾವನಿಗೆ ಯಾರ ಮೇಲೋ ಮುನಿಸು. ಮೂರು ವರ್ಷ ಯಾವ ಕಾಗದಕ್ಕೂ ಉತ್ತರ ಬರೆಯಲಿಲ್ಲ. ಈಗ ಫೋನು ಮಾಡಿದಾಗ ಎತ್ತಿದ್ದು ಸರಸಮ್ಮ. "ಬನ್ನಿ," ಎಂದಷ್ಟೇ ಹೇಳಿದ್ದರು.

ತಿರುವನಂತಪುರದಲ್ಲಿ ಉಳ್ಳೂರಿನ ಜಂಕ್ಷನ್ನಿನಿಂದ ಒಳಕ್ಕೆ ಒಂದು ಓಣಿ. ಆಟೋ ಇಳಿದಾಗ ನಡುಮಧ್ಯಾಹ್ನ. ಸರಸಮ್ಮ ಗೇಟಿನಲ್ಲೇ ಕಾದಿದ್ದರು. ಎರಡು ತುಂಡಿನ ಸೀರೆಯಂಥ ಬಿಳಿ ಸೆಟ್ಟುಮುಂಡು, ಹಣೆಯಲ್ಲಿ ಚಂದನ. ತಗ್ಗಿದ ದನಿಯಲ್ಲಿ ಹೇಳಿದರು: "ಫೋನಲ್ಲಿ ಹೇಳಲಿಕ್ಕೆ ಆಗಲಿಲ್ಲ. ಅವರಿಗೆ ಮರೆವು. ಒಂದೂವರೆ ವರ್ಷ ಆಯಿತು. ಬದುಕಿರೋರು ಯಾರೂ ಅವರ ಕಣ್ಣಿಗೆ ಕಾಣೋದಿಲ್ಲ. ಸತ್ತು ಹೋದವರ ಜೊತೆ ಮಾತ್ರ ಮಾತು."

"ನಿಮ್ಮ ಜೊತೆ?"

"ನಾನು ಬದುಕಿದ್ದೇನೆ ಅಲ್ಲವಾ?" ಎಂದರು.

ಜಗುಲಿಯಲ್ಲಿ ಭಾಸ್ಕರನ್ ಕುಳಿತಿದ್ದರು. ಕ್ಷೌರ ಮಾಡಿದ ಮುಖ, ಇಸ್ತ್ರಿಯ ಶರ್ಟು. ಎದುರಿಗೆ ಏಳು ಖಾಲಿ ಕುರ್ಚಿಗಳ ಸಾಲು. ಒಂದೊಂದರ ಕಡೆ ತಿರುಗಿ ಮಲಯಾಳದಲ್ಲಿ ಮೆಲ್ಲಗೆ ಕ್ಷೇಮ ವಿಚಾರಿಸುತ್ತಿದ್ದರು. ಉತ್ತರಕ್ಕಾಗಿ ತಡೆಯುತ್ತಿದ್ದರು, ತಲೆದೂಗುತ್ತಿದ್ದರು, ಎರಡನೆಯ ಕುರ್ಚಿಯ ಮಾತಿಗೆ ನಕ್ಕರು. ಆ ಬಿಸಿಲಿನಲ್ಲಿ ನನ್ನ ಬೆನ್ನು ತಣ್ಣಗಾಯಿತು. ಮೊದಲನೆಯದು ಅವರಪ್ಪ, ಎರಡನೆಯದು ಅಣ್ಣ, ಆಮೇಲಿನ ನಾಲ್ವರು ಕಚೇರಿಯ ಗೆಳೆಯರು ಎಂದು ಸರಸಮ್ಮ ಪಿಸುಗುಟ್ಟಿದರು. ನಾನು ನಮಸ್ಕಾರ ಮಾಡಿದೆ. ಅವರ ನೋಟ ನನ್ನ ಎದೆಯ ಮೂಲಕ ಹಾದು ಗೇಟಿನ ಮೇಲೆ ನಿಂತಿತು. ನಾನು ಅಲ್ಲಿ ಇರಲೇ ಇಲ್ಲ.

ಆಮೇಲೆ ಆ ಕಣ್ಣು ಮಾವನ ಮೇಲೆ ಬಿದ್ದು ಅರಳಿತು.

"ಬಂದ್ಯಾ? ಕೂತ್ಕೊ. ಕೊನೇ ಕುರ್ಚಿ ನಿಂದೇ," ಎಂದರು ಕನ್ನಡದಲ್ಲಿ. "ಯಾವಾಗ ಹೋದೆ?"

"ಈಗ ತಾನೇ ಬಂದೆ ಕಣೋ ಭಾಸ್ಕರ."

"ಬಂದಿದ್ದು ಗೊತ್ತಾಯ್ತು. ಹೋಗಿದ್ದು ಯಾವಾಗ? ಮೂರು ವರ್ಷ ಕಾಗದ ಇಲ್ಲ. ಆಗಲೇ ಅಂದ್ಕೊಂಡೆ, ಪಾಪ, ಹೋಗಿಬಿಟ್ಟ ಅಂತ. ನಿನ್ನ ಹೆಸರಲ್ಲಿ ಶಂಖುಮುಖದ ಕಡಲ ತೀರದಲ್ಲಿ ಬಲಿ ಹಾಕಿದೆ, ಪಿಂಡ ಇಟ್ಟೆ. ತಲುಪಿತಾ?"

ಎಪ್ಪತ್ತು ಕಾದಂಬರಿಗಳ ಮಾವ ತಮ್ಮ ಕೈಯನ್ನೇ ಒಮ್ಮೆ ಮುಟ್ಟಿ ನೋಡಿಕೊಂಡರು. ಮುಖ ಸುಣ್ಣದಂತಾಗಿತ್ತು. ಎರಡು ಹೆಜ್ಜೆ ಮುಂದಕ್ಕೆ ಬಂದು ಸ್ನೇಹಿತನ ಕೈ ಹಿಡಿದುಕೊಂಡರು. "ನಾನು ಸತ್ತಿಲ್ಲ ಕಣೋ! ಮುಟ್ಟಿ ನೋಡು, ಬಿಸಿ ಇದೀನಿ. ಸೋಮಾರಿ ನಾನು, ಬರೀಲಿಲ್ಲ ಅಷ್ಟೇ!"

ಭಾಸ್ಕರನ್ ಕಣ್ಣಿನ ಬೆಳಕು ನಿಧಾನಕ್ಕೆ ಆರಿತು. ದೃಷ್ಟಿ ಮಾವನ ಮುಖದಿಂದ ಜಾರಿ, ಅವರನ್ನು ದಾಟಿ, ಖಾಲಿ ಕುರ್ಚಿಗೆ ಹೋಯಿತು. ಮಾವ ನನ್ನ ಹಾಗೆ ಅಲ್ಲಿಂದ ಅಳಿಸಿಹೋಗುತ್ತಿದ್ದರು. ಅವರು ಬೆದರಿ ಕೂಗಿಬಿಟ್ಟರು: "ಸತ್ತೆ! ಸತ್ತೆ ಕಣೋ ಭಾಸ್ಕರ! ಮೂರು ವರ್ಷ ಆಯ್ತು! ಬಲಿ ತಲುಪಿತು!"

"ಅದನ್ನ ಮೊದಲೇ ಹೇಳಬಾರದಾ?" ಭಾಸ್ಕರನ್ ಮರಳಿ ಬಂದರು. ಮಾವ ಕೊನೆಯ ಕುರ್ಚಿಯಲ್ಲಿ ಕುಸಿದು ಕುಳಿತರು.

ಊಟಕ್ಕೆ ಒಳಗೆ ಎಲೆ ಹಾಕಿತ್ತು. ಅವಿಯಲ್, ಓಲನ್, ಕೆಂಪಕ್ಕಿಯ ಅನ್ನ. ಅಂಥ ಊಟವನ್ನು ನಾನು ಯಾವ ದೊಡ್ಡ ಹೋಟೆಲಿನಲ್ಲೂ ಉಂಡಿಲ್ಲ. ಗೆಳೆಯರಿಬ್ಬರೂ ಮೈಸೂರಿನ ಕೋಣೆ, ತಿಗಣೆಯ ಮಂಚ, ಮಾಲೀಕನ ಜಗಳ ಎಂದು ಮಾತಾಡುತ್ತಿದ್ದರು. ಸರಸಮ್ಮ ಬಡಿಸುತ್ತಿದ್ದರು. ಅನ್ನ ತಾನಾಗಿ ಬಂದು ಎಲೆಗೆ ಬಿದ್ದಿತೆಂಬಂತೆ ಭಾಸ್ಕರನ್ ಉಣ್ಣುತ್ತಿದ್ದರು. ಬಡಿಸಿದ ಕೈಯನ್ನು ಒಮ್ಮೆಯೂ ನೋಡಲಿಲ್ಲ. ಇದ್ದಕ್ಕಿದ್ದಂತೆ ತಲೆಯೆತ್ತಿ ಮಾವನನ್ನು ಕೇಳಿದರು:

"ಅಲ್ಲಿ ಸರಸು ಸಿಕ್ಕಿದ್ಳಾ? ಬಹಳ ದಿನ ಆಯ್ತು. ನನ್ನ ನೋಡೋಕೆ ಎಲ್ಲರೂ ಬರ್ತಾರೆ, ಅವಳೊಬ್ಬಳು ಬರೋದಿಲ್ಲ."

ಸರಸಮ್ಮ ಸೌಟು ಹಿಡಿದು ಅವರ ಭುಜಕ್ಕೆ ತಾಗುವಷ್ಟು ಹತ್ತಿರ ನಿಂತಿದ್ದರು. ಸೌಟಿನಿಂದ ಮಜ್ಜಿಗೆ ಹುಳಿ ತೊಟ್ಟಿಕ್ಕುತ್ತಿತ್ತು. ಮಾವ ಅವರ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಅನುಮತಿ ಕೇಳುತ್ತಿದ್ದಾರೆ ಎಂದು ನನಗೂ ಅರ್ಥವಾಯಿತು. ಸರಸಮ್ಮ ಸೌಟನ್ನು ಪಾತ್ರೆಗಿಟ್ಟು, ಕೈ ಒರೆಸಿಕೊಂಡು, ಆಗಲಿ ಎಂದು ತಲೆಯಾಡಿಸಿದರು.

"ಸಿಕ್ಕಿದ್ಳು," ಎಂದರು ಮಾವ. "ಜೊತೇಲೇ ಕರ್ಕೊಂಡು ಬಂದಿದೀನಿ. ಅಗೋ, ನಿನ್ನ ಎದುರಿಗೇ ಇದ್ದಾಳೆ ನೋಡು."

ಸರಸಮ್ಮ ಬಂದು ಎದುರಿನ ಕುರ್ಚಿಯಲ್ಲಿ ಕುಳಿತರು. ಸತ್ತವಳಾಗಿ ಕುಳಿತರು. ಭಾಸ್ಕರನ್ ನೋಡಿದರು. ಅವರ ತುಟಿ ಅಲುಗಿತು.

"ಸರಸೂ, ನೀ ಎಪ್ಪಳಾ ವನ್ನದ್?" ನೀನು ಯಾವಾಗ ಬಂದೆ?

"ಇಪ್ಪೋ," ಎಂದರು ಸರಸಮ್ಮ. ಈಗಷ್ಟೇ.

"ಸಣ್ಣಗಾಗಿದೀಯ," ಎಂದು ಅವರು ಮಲಯಾಳದಲ್ಲಿ ಬೈದು, ತಮ್ಮ ಎಲೆಯ ಹಪ್ಪಳವನ್ನು ಅರ್ಧ ಮುರಿದು, ಮೇಜಿನಾಚೆ ಕೈ ಚಾಚಿ ಕೊಟ್ಟರು. ಸರಸಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಸಂಜೆಯ ರೈಲಿಗೆ ನಾವು ಹೊರಟಾಗ ಸರಸಮ್ಮ ಗೇಟಿನ ತನಕ ಬಂದರು. ಮಾವ ತಲೆ ತಗ್ಗಿಸಿ ನಿಂತರು. "ತಪ್ಪು ಮಾಡಿದೆನೇನೋ ಸರಸಮ್ಮ. ಕಥೇಲಿ ಎಷ್ಟೋ ಜನರನ್ನ ಸಾಯಿಸಿದೀನಿ, ಏನೂ ಅನ್ನಿಸಿರಲಿಲ್ಲ. ಇವತ್ತು ನಿಮ್ಮನ್ನ..."

"ಅಯ್ಯೋ, ಬಿಡಿ," ಎಂದರು ಸರಸಮ್ಮ. "ಒಂದೂವರೆ ವರ್ಷದಿಂದ ಇದೇ ಮನೇಲಿ ಓಡಾಡ್ತಾ ಇದ್ದೆ. ಇವತ್ತು ನನ್ನ..."

ಮಾತು ಮುಗಿಯಲಿಲ್ಲ. ಒಳಗಿನಿಂದ ಕರೆ ಬಂತು: "ಸರಸೂ! ಸರಸೂ, ಚಾಯ!"

"ದಾ ವನ್ನೂ!" ಇಗೋ ಬಂದೆ, ಎಂದು ಕೂಗಿ, ನಮಗೆ ಹೋಗಿಬನ್ನಿ ಎಂದು ಹೇಳುವುದನ್ನೂ ಮರೆತು, ಆ ಅರವತ್ತೈದರ ಹೆಂಗಸು ಹೊಸ ಮದುವಣಗಿತ್ತಿಯ ಹಾಗೆ ಮುಂಡಿನ ಅಂಚು ಎತ್ತಿಕೊಂಡು ಒಳಗೆ ಓಡಿದರು.