ಮೂರನೆಯ ಹುಡುಗನ ಮೇಲೆ ದೂರಿಲ್ಲ

ರವಿಕಿರಣನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಲೋಟ ಮಜ್ಜಿಗೆಯಿಂದ. ಅದೂ ತಣ್ಣನೆಯ ಮಜ್ಜಿಗೆ, ಮೇಲೆ ಕೊತ್ತಂಬರಿ ಸೊಪ್ಪು ಬೇರೆ. ಎದುರುಮನೆಯ ಮರಿಯಮ್ಮ ಲೋಟವನ್ನು ಸೆರಗಿನಲ್ಲಿ ಒರೆಸಿ ತಂದು, ಬಿಳೇಕಹಳ್ಳಿಯ ಆ ಬೀದಿಯ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಸೋಮನಾಥನ ಕೈಗೆ ಕೊಟ್ಟರು. ಅವನಿಗೆ ಬಿಸಿಲು ತಾಗದ ಹಾಗೆ ಕೊಡೆ ಹಿಡಿದು ನಿಂತಿದ್ದ ರವಿಕಿರಣನ ಕಡೆ ತಿರುಗಿ, "ನೀನು ಮನೆಯೋನೇ ಅಲ್ವೇನಪ್ಪ, ಒಳಗೋಗಿ ನೀರು ಕುಡ್ಕೋ" ಎಂದರು.

ಇದೇ ಮರಿಯಮ್ಮ ಇಪ್ಪತ್ತೆರಡು ವರ್ಷದ ಹಿಂದೆ ಇದೇ ಸೋಮನಾಥನ ಮೇಲೆ ಪಾತ್ರೆ ತೊಳೆದ ನೀರನ್ನು ಬಕೆಟ್ಟುಗಟ್ಟಲೆ ಎರಚುತ್ತಿದ್ದರು.

ಆಗ ರವಿಕಿರಣನ ಅಪ್ಪ ಚಿಕ್ಕಬೈರಪ್ಪನವರು ರಾಗಿ ಹೊಲವನ್ನೆಲ್ಲ ಸೈಟು ಮಾಡಿ ಮಾರಿ, ಉಳಿದ ಒಂದೇ ಹಸುವನ್ನು ಹಿತ್ತಲ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಕೊಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಮೂವರು ಹುಡುಗರು 'ಸುಟ್ಟ ಮೋಟರ್' ಎಂಬ ಪಂಕ್ ಬ್ಯಾಂಡ್ ಕಟ್ಟಿದ್ದರು. ಪಂಕ್ ಎಂದರೆ ಹೆಚ್ಚೇನಿಲ್ಲ, ರಾಗ ತಾಳ ಬಾರದವರೂ ಸಿಟ್ಟೊಂದಿದ್ದರೆ ನುಡಿಸಬಹುದಾದ ಸಂಗೀತ. ಸೋಮನಾಥ ಮೈಕಿಗೆ ಬಾಯಿಟ್ಟು ಕಿರುಚುತ್ತಿದ್ದ, ಗುಂಡಣ್ಣ ಡ್ರಮ್ ಬಡಿಯುತ್ತಿದ್ದ, ರವಿಕಿರಣ ಗಿಟಾರ್ ಬಾರಿಸುತ್ತಿದ್ದ. ಕೊಟ್ಟಿಗೆ ಅವನದು, ಕರೆಂಟು ಅವನದು, ಹಾಡುಗಳೂ ಅವನವೇ. 'ನೀರು ಬಂತಾ? ಬಂದಿಲ್ಲ!' ಎಂಬ ಅವರ ಹೆಸರುವಾಸಿ ಹಾಡನ್ನು ಬರೆದವನು ಅವನು. ಇಡೀ ಹಾಡು ಅಷ್ಟೇ, ಅದನ್ನೇ ನಲವತ್ತು ಸಲ ಹೇಳಬೇಕಿತ್ತು. ಬನಶಂಕರಿಯ ಒಂದು ಬೇಸ್‌ಮೆಂಟಿನಲ್ಲಿ, ಬಿಟಿಎಂ ಲೇಔಟಿನ ಒಂದು ಗೋಡೌನಿನಲ್ಲಿ ಅದನ್ನು ಹಾಡಿ ಹದಿನೇಳು ಜನರಿಂದ ಚಪ್ಪಾಳೆ ಗಿಟ್ಟಿಸಿದ ನೆನಪು ರವಿಕಿರಣನ ಬಾಳಿನ ಏಕೈಕ ಆಸ್ತಿ. ತಿಂಗಳಿಗೆ ಬಾಡಿಗೆ ತರುವ ಒಂಬತ್ತು ಮನೆಗಳನ್ನು ಅವನು ಆಸ್ತಿ ಎಂದು ಲೆಕ್ಕಕ್ಕೆ ಹಿಡಿದವನಲ್ಲ.

ಈಗ ಸೋಮನಾಥ ಜೆ.ಪಿ. ನಗರದಲ್ಲಿ ಕೀಲುನೋವಿನ ಎಣ್ಣೆ ಮಾರುತ್ತಾನೆ. ಆದರೂ ನರೆತ ಕೂದಲಿಗೆ ಜುಟ್ಟು ಕಟ್ಟಿ, ಹರಿದ ಪ್ಯಾಂಟು ಹಾಕಿಕೊಂಡು ಬಂದು ಕ್ಯಾಮೆರಾ ಮುಂದೆ ಕೂತಿದ್ದ. ಕ್ಯಾಮೆರಾ ಹಿಡಿದವಳು ಚೈತ್ರ. ಗೋಡೌನು, ಕೊಟ್ಟಿಗೆಗಳಲ್ಲಿ ನುಡಿಸುತ್ತಿದ್ದ ಬೆಂಗಳೂರಿನ ಹಳೆಯ ಬ್ಯಾಂಡುಗಳ ಬಗ್ಗೆ ಜಯನಗರದಲ್ಲಿ ಮರುದಿನದಿಂದ ಒಂದು ಪ್ರದರ್ಶನ ಇಡುತ್ತಿದ್ದಳು.

"ಮೇಡಂ, ನನ್ನ ಇಂಟರ್‌ವ್ಯೂ ಯಾವಾಗ?" ರವಿಕಿರಣ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಕೇಳಿದ.

ಚೈತ್ರ ತಬ್ಬಿಬ್ಬಾದಳು. "ಸಾರ್, ನೀವು ಮನೆ ಓನರ್ ಅಲ್ವಾ?"

"ಓನರ್ರೇ. ಆದ್ರೆ ನಾನೂ ಬ್ಯಾಂಡಲ್ಲಿದ್ದೆ!"

"ಹೌದೌದು" ಎಂದ ಸೋಮನಾಥ, ಮಜ್ಜಿಗೆಯ ಮೀಸೆ ಒರೆಸಿಕೊಳ್ಳುತ್ತ. "ಇವ್ನು ನಮಗೆ ಸಖತ್ ಸಪೋರ್ಟ್ ಮಾಡ್ತಿದ್ದ ಗುರು. ಒಳ್ಳೆ ಹುಡುಗ."

ಸಪೋರ್ಟ್! ರವಿಕಿರಣನಿಗೆ ಕೊಡೆಯನ್ನು ಮಡಚಿ ಆ ಜುಟ್ಟಿನ ಮೇಲೆ ಒಂದು ಬಾರಿಸೋಣ ಅನ್ನಿಸಿತು. ಆದರೆ ಒಳ್ಳೆ ಹುಡುಗನಾದ್ದರಿಂದ ಬಾರಿಸಲಿಲ್ಲ.

ಚೈತ್ರ ಮರುಕದಿಂದ ತನ್ನ ನಿಯಮ ವಿವರಿಸಿದಳು. "ಈ ಬ್ಯಾಂಡ್‌ಗಳು ಕ್ಯಾಸೆಟ್ ಮಾಡ್ಲಿಲ್ಲ, ಫೋಟೋ ತೆಗೆಸ್ಲಿಲ್ಲ. ಈಗ ಯಾರ್ ಬೇಕಾದ್ರೂ ನಾನೂ ಇದ್ದೆ ಅಂತಾರೆ ಸಾರ್. ಅದಕ್ಕೆ ಅಕ್ಕಪಕ್ಕದೋರು ಯಾರ ಮೇಲೆ ಕಂಪ್ಲೇಂಟ್ ಕೊಟ್ಟಿದ್ರೋ ಅವ್ರ ಹೆಸ್ರು ಮಾತ್ರ ಎಕ್ಸಿಬಿಷನ್ ಬೋರ್ಡ್‌ಗೆ. ಸೋಮನಾಥ್ ಸಾರ್‌ಗೆ ಈ ಬೀದಿ ಪೂರ್ತಿ ಸಾಕ್ಷಿ ಇದೆ. ನಿಮ್ಮ ಮೇಲೊಂದು ಕಂಪ್ಲೇಂಟ್ ಇದ್ರೆ ಸಂಜೆ ಆರರೊಳಗೆ ತೋರ್ಸಿ. ಆಮೇಲೆ ಬೋರ್ಡ್ ಪ್ರಿಂಟ್‌ಗೆ ಹೋಗ್ಬಿಡತ್ತೆ."

ಶೂಟಿಂಗ್ ಮುಗಿಸಿ ಸೋಮನಾಥ ಆಟೋ ಹತ್ತಿದ. ಬೀದಿಯ ಅರ್ಧ ಜನ ಗೇಟಿಗೆ ಬಂದು ಅವನಿಗೆ ಕೈ ಬೀಸಿದರು. ಅಂದು ಅವನಿಗೆ ಚಪ್ಪಲಿ ತೋರಿಸಿದ್ದ ಕೈಗಳೇ ಅವೆಲ್ಲ. ಹೊಗಳಿಕೆಗೆ ಹೊಟ್ಟೆಕಿಚ್ಚು ಪಡುವವರನ್ನು ಲೋಕ ಕಂಡಿದೆ. ಇನ್ನೊಬ್ಬನಿಗೆ ಬಿದ್ದ ಬೈಗುಳ ತನಗೆ ಬೀಳಲಿಲ್ಲವಲ್ಲ ಎಂದು ಕರುಬಿದವನು ಬಹುಶಃ ರವಿಕಿರಣನೊಬ್ಬನೇ.

ಅವನು ನೆಟ್ಟಗೆ ಮರಿಯಮ್ಮನ ಮನೆಗೆ ಹೋದ.

"ದೊಡ್ಡಮ್ಮ, ಆಗ ನಾನೂ ಗಲಾಟೆ ಮಾಡ್ತಿದ್ದೆ ತಾನೆ? ನನ್ ಮೇಲೂ ನಿಮಗೆ ಸಿಟ್ಟು ಬರ್ತಿತ್ತು ತಾನೆ?"

ಮರಿಯಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ನಾಲಿಗೆ ಕಚ್ಚಿಕೊಂಡರು. "ಬಿಡ್ತು ಅನ್ನು! ನಿನ್ ಮ್ಯಾಲೆ ಸಿಟ್ಟಾ? ಚಿನ್ನದಂತಾ ಮಗ ನೀನು. ಆ ಸೋಮನ ಜತೆ ಸೇರಿ ಕೆಟ್ಟೋಗ್ತಾನಲ್ಲಾ ಅಂತ ನಿಮ್ಮವ್ವನ್ ತಾವ ಎಷ್ಟು ಕಿತ ಅಂದಿದ್ದೀನಿ."

"ಬಕೆಟ್ ನೀರು ನನ್ ಮೇಲೂ ಎರಚಿದ್ರಲ್ಲ! ತಲೆಯೆಲ್ಲಾ ನೆಂದೋಗಿತ್ತು."

"ಅಯ್ಯೋ, ಗುರಿ ತಪ್ಪಿತ್ತು ಕಣಪ್ಪ" ಎಂದು ಮರಿಯಮ್ಮ ನೊಂದುಕೊಂಡರು. "ಅವತ್ತಿಂದ ಮನಸ್ಸಿಗೆ ಒಂಥರಾ ಆಗಿತ್ತು. ತಪ್ಪಾಯ್ತು ಅಂತ ಇಟ್ಕೋ." ಎದ್ದು ಹೋಗಿ ಅವನಿಗೂ ಒಂದು ಲೋಟ ಮಜ್ಜಿಗೆ ತಂದರು. ಬೆಳಿಗ್ಗೆ ಸಿಕ್ಕಿದ್ದರೆ ಅಮೃತವಾಗುತ್ತಿದ್ದ ಆ ಮಜ್ಜಿಗೆ ಈಗ ಅವನ ಗಂಟಲಲ್ಲಿ ಇಳಿಯಲಿಲ್ಲ.

ಹೊರಗಿನವರು ಹೋಗಲಿ, ಹೆತ್ತ ಅಪ್ಪನಾದರೂ ಬೈದಿರಬೇಕಲ್ಲ? ಚಿಕ್ಕಬೈರಪ್ಪನವರು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

"ಅಪ್ಪ, ನಮ್ಮ ಬ್ಯಾಂಡಿಂದ ನಿಂಗೆ ತೊಂದ್ರೆ ಆಗಿತ್ತಾ?"

"ಆಗ್ದೆ! ಆ ಸೋಮ ಬಾಯಿ ತೆಗೆದ್ರೆ ಹಸ ಹಾಲೇ ಇಳಿಸ್ತಿರ್ಲಿಲ್ಲ. ಒದೆಯಕ್ಕೇ ಬರ್ತಿತ್ತು."

"ನಾನು ಗಿಟಾರ್ ಬಾರಿಸ್ದಾಗ?"

ಚಿಕ್ಕಬೈರಪ್ಪನವರು ಎಲೆ ಮಡಚುತ್ತ ಯೋಚಿಸಿದರು. "ಆವಾಗ ಮೆಲುಕು ಹಾಕ್ತಿತ್ತು ಕಣ್ಲಾ. ಕಣ್ ಮುಚ್ಕೊಂಡು."

ಹಸುವಿನ ಲೆಕ್ಕದಲ್ಲೂ ಸೋಮನಾಥನೇ ಗೆದ್ದಿದ್ದ. ರವಿಕಿರಣನಿಗೆ ಊಟ ಸೇರಲಿಲ್ಲ. ಹೆಂಡತಿ ಸೌಮ್ಯ "ಮುದ್ದೆ ಆರೋಗತ್ತೆ ರೀ" ಎಂದು ಕೂಗುತ್ತಿದ್ದಂತೆಯೇ ಅವನು ಚಪ್ಪಲಿ ಮೆಟ್ಟಿಕೊಂಡು ಪಿಳ್ಳಪ್ಪನವರ ಮನೆಗೆ ಓಡಿದ.

ಪಿಳ್ಳಪ್ಪನವರು ಬಡಾವಣೆಯ ಸಂಘಕ್ಕೆ ಇಪ್ಪತ್ತೈದು ವರ್ಷದಿಂದ ಕಾರ್ಯದರ್ಶಿ. ಬೇರೆ ಯಾರೂ ಆ ಕೆಲಸ ಬೇಡ ಅಂದಿದ್ದರಿಂದ ಅವರೇ ಮುಂದುವರಿದಿದ್ದರು. ಬೀದಿಯಲ್ಲಿ ನಾಯಿ ಬೊಗಳಿದರೂ ದೂರಿನ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವರ ಕ್ರಮ, ಹಳೆಯ ಪುಸ್ತಕಗಳನ್ನೆಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದರು. ಎರಡು ಗಂಟೆ ಧೂಳು ಕುಡಿದು, ಹದಿನಾಲ್ಕು ಸಲ ಸೀನಿದ ಮೇಲೆ ಬೇಕಾದ ಪುಟ ಸಿಕ್ಕಿತು. ಪಿಳ್ಳಪ್ಪನವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"ಮಾನ್ಯ ಕಾರ್ಯದರ್ಶಿಯವರಿಗೆ. ಚಿಕ್ಕಬೈರಪ್ಪನವರ ಕೊಟ್ಟಿಗೆಯಲ್ಲಿ ಸೋಮನಾಥ ಎಂಬುವನು ದಿನಾ ಸಂಜೆ ಕಿರುಚಿಕೊಳ್ಳುತ್ತಾನೆ. ಗುಂಡಣ್ಣ ಎಂಬುವನು ಡಬ್ಬ ಬಡಿಯುತ್ತಾನೆ. ಇವರಿಬ್ಬರಿಂದ ನಾವು ಬದುಕುವುದೇ ಕಷ್ಟವಾಗಿದೆ. ಮೂರನೆಯ ಹುಡುಗನ ಮೇಲೆ ನಮ್ಮ ದೂರಿಲ್ಲ."

ಕೆಳಗೆ ಇಪ್ಪತ್ತಾರು ಜನರ ರುಜು. ರವಿಕಿರಣನ ಹೆಸರನ್ನು ಸಹ ಬರೆದಿರಲಿಲ್ಲ.

"ಪಿಳ್ಳಪ್ಪಣ್ಣ, ಒಂದೇ ಒಂದು ಸಾಲು ಸೇರ್ಸಿ. 'ರವಿಕಿರಣ ಎಂಬುವನೂ ಬಲು ತೊಂದರೆ ಕೊಡುತ್ತಾನೆ' ಅಂತ. ನಿಮ್ ಕಾಲಿಗೆ ಬೀಳ್ತೀನಿ."

"ಹಳೇ ರೆಕಾರ್ಡ್ ತಿದ್ದೋದಾ? ನನ್ ಜೀವ ಹೋದ್ರೂ ಆಗಲ್ಲ ಕಣಪ್ಪ." ಪಿಳ್ಳಪ್ಪನವರು ಪುಸ್ತಕ ಮುಚ್ಚಿದರು. "ಈಗ ಹೊಸ್ದಾಗಿ ಯಾರಾದ್ರೂ ದೂರು ಕೊಟ್ರೆ ಬೇಕಾದ್ರೆ ಬರ್ಕೋತೀನಿ. ಅದು ನನ್ ಡ್ಯೂಟಿ."

ರವಿಕಿರಣ ಬಾಗಿಲವರೆಗೆ ಹೋಗಿ ಗಕ್ಕನೆ ನಿಂತ. ಹೊಸದಾಗಿ! ಗಡಿಯಾರ ನೋಡಿಕೊಂಡ. ನಾಲ್ಕೂವರೆ. ಒಂದೂವರೆ ಗಂಟೆಯಲ್ಲಿ ಒಬ್ಬ ಮನುಷ್ಯ ಬೀದಿಯವರ ನೆಮ್ಮದಿಯನ್ನು ಎಷ್ಟು ಬೇಕಾದರೂ ಹಾಳು ಮಾಡಬಹುದು.

ಕೊಟ್ಟಿಗೆ ಈಗ ಬಾಡಿಗೆದಾರರ ಬೈಕು ನಿಲ್ಲಿಸುವ ಶೆಡ್ಡಾಗಿತ್ತು. ಬೈಕುಗಳನ್ನೆಲ್ಲ ಹೊರಗೆ ತಳ್ಳಿ, ಅಟ್ಟದಿಂದ ಹಳೆಯ ಗಿಟಾರ್, ಮೈಕು ಇಳಿಸಿ, ಬೀದಿಯ ಗಣೇಶೋತ್ಸವಕ್ಕೆಂದು ತನ್ನ ಮನೆಯಲ್ಲೇ ಇಟ್ಟಿದ್ದ ಎರಡಾಳೆತ್ತರದ ಸ್ಪೀಕರುಗಳಿಗೆ ವಯರು ಸಿಕ್ಕಿಸಿದ. ಚೈತ್ರಳಿಗೆ ಫೋನ್ ಮಾಡಿ, "ಐದೂವರೆಗೆ ಬನ್ನಿ ಮೇಡಂ, ಕಂಪ್ಲೇಂಟ್ ರೆಡಿ ಇರತ್ತೆ" ಎಂದ. ಆಮೇಲೆ ಶಟರ್ ಎಳೆದುಕೊಂಡ. ಜನರ ಮುಖ ಎದುರಿಗೆ ಕಂಡರೆ ಅವನಿಗೆ ಗಂಟಲು ಕಟ್ಟುತ್ತಿತ್ತು. ಮೈಕು ಅಂದು ಸೋಮನಾಥನ ಪಾಲಾದದ್ದೇ ಅದಕ್ಕೆ.

ಮೊದಲ ಬಾರಿಗೆ ತಂತಿ ಎಳೆದಾಗಲೇ ಶೆಡ್ಡಿನ ಶೀಟುಗಳು ನಡುಗಿದವು. ರವಿಕಿರಣ ಮೈಕಿಗೆ ಬಾಯಿಟ್ಟ. "ನೀರು ಬಂತಾ?" ಎಂದು ಕಿರುಚಿದ. "ಬಂದಿಲ್ಲ!" ಎಂದು ತಾನೇ ಉತ್ತರ ಕೊಟ್ಟ. ಇಪ್ಪತ್ತೆರಡು ವರ್ಷ ಒಳಗೇ ಕುದಿದದ್ದೆಲ್ಲ ಉಕ್ಕಿ ಬಂತು. ಹಾಡು ದಾರಿ ತಪ್ಪಿ, "ಮಜ್ಜಿಗೆ ಬಂತಾ? ಬಂದಿಲ್ಲ! ಹೆಸರು ಬಂತಾ? ಬಂದಿಲ್ಲ! ಹಸು ಒದೀತಾ? ಒದೀಲಿಲ್ಲ!" ಎಂದು ಸಾಗಿತು. ಅವನು ಕುಣಿದ, ಹಾರಿದ, ಕಂಬಕ್ಕೆ ಹಣೆ ಹೊಡೆದುಕೊಂಡ. ಮುಕ್ಕಾಲು ಗಂಟೆ ಹೀಗೆ ನಡೆಯಿತು. ತನ್ನ ಬಾಳಿನಲ್ಲಿ ಅವನು ಇಷ್ಟು ಚೆನ್ನಾಗಿ, ಅಂದರೆ ಇಷ್ಟು ಕೆಟ್ಟದಾಗಿ, ಎಂದೂ ನುಡಿಸಿರಲಿಲ್ಲ. ಕೊನೆಗೆ ಸ್ಪೀಕರಿನಿಂದ ಒಂದು ಎಳೆ ಹೊಗೆ ಎದ್ದು ಎಲ್ಲವೂ ತಣ್ಣಗಾಯಿತು.

ಆಗ ಕೇಳಿಸಿತು, ಶಟರ್ ಬಡಿಯುವ ಸದ್ದು, ಹೊರಗೆ ಇಡೀ ಬೀದಿಯ ಬೈಗುಳ. ರವಿಕಿರಣನಿಗೆ ಕಣ್ಣಲ್ಲಿ ನೀರೇ ಬಂತು. ಅಂತೂ ಬಂತಲ್ಲ! ಗಿಟಾರನ್ನು ಕೊರಳಲ್ಲಿ ಹಾಕಿಕೊಂಡೇ, ಹಣೆಯ ಬುಗುಟು ಕಾಣುವ ಹಾಗೆ ಕೂದಲು ಹಿಂದೆ ಸರಿಸಿ, ಶಟರ್ ಎತ್ತಿದ.

ಮುಂದೆ ಮರಿಯಮ್ಮ, ಕೈಯಲ್ಲಿ ಬಕೆಟ್. ಪಕ್ಕದಲ್ಲಿ ಪುಸ್ತಕ ಹಿಡಿದ ಪಿಳ್ಳಪ್ಪ. ಹಿಂದೆ ಮೂವತ್ತು ನಲವತ್ತು ಜನ, ಕ್ಯಾಮೆರಾ ಹಿಡಿದ ಚೈತ್ರ.

"ಎಲ್ಲೋ ಅವ್ನು?" ಮರಿಯಮ್ಮ ಇವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಇಣುಕಿದರು. "ಲೋ ಸೋಮಾ! ಆಟೋ ಹತ್ತಿದೋನು ಯಾವಾಗ ವಾಪಸ್ ಬಂದ್ಯೋ? ಬಾರೋ ಈಚೆಗೆ! ಬೆಳಿಗ್ಗೆ ಮಜ್ಜಿಗೆ ಕೊಟ್ಟಿದ್ದೇ ತಪ್ಪಾಯ್ತೇನೋ?"

"ಸೋಮ ಅಲ್ಲ, ನಾನು" ಎನ್ನಲು ರವಿಕಿರಣ ಬಾಯಿ ತೆರೆದ. ಕಿರುಚಿ ಕಿರುಚಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಸೈಕಲ್ ಟ್ಯೂಬಿನಿಂದ ಗಾಳಿ ಹೋದಂಥ ಸದ್ದು ಹೊರಟಿತು. ಅವನು ಎದೆ ತಟ್ಟಿಕೊಂಡ, ಗಿಟಾರ್ ತೋರಿಸಿದ, ಮೈಕು ತೋರಿಸಿದ.

"ನೋಡಿ, ಪಾಪ, ಎದೆ ಎದೆ ಬಡ್ಕೊಳ್ಳೋ ಹಂಗಾಗಿದೆ" ಎಂದರು ಮರಿಯಮ್ಮ. "ಹಣೆ ಮ್ಯಾಲೆ ನೋಡ್ರಿ! ತಡೆಯಕ್ಕೆ ಹೋದೋನಿಗೆ ಹೊಡೆದೂ ಹೋಗವ್ನೆ ಆ ಪಾಪಿ."

"ಹಿಂದ್ಲ ಬಾಗ್ಲು ತೆಗೆದದೆ" ಎಂದು ಯಾರೋ ಕೂಗಿದರು. "ಅಲ್ಲಿಂದ ಓಡಿರ್ತಾನೆ!"

ಚೈತ್ರ ಹತ್ತಿರ ಬಂದಳು. ಅವಳೊಬ್ಬಳಿಗೆ ಸ್ವಲ್ಪ ಅನುಮಾನ ಬಂದಂತಿತ್ತು. "ಸಾರ್, ನಿಜ ಹೇಳಿ, ಹಾಡಿದ್ದು ನೀವಾ?"

ರವಿಕಿರಣ ಕತ್ತು ಬೀಳುವಷ್ಟು ಜೋರಾಗಿ ಹೌದೆಂದು ತಲೆಯಾಡಿಸಿದ. ಅಷ್ಟರಲ್ಲಿ ಏದುಸಿರು ಬಿಡುತ್ತ ಜನರನ್ನು ಸೀಳಿಕೊಂಡು ಸೌಮ್ಯ ಬಂದಳು. ಅಂಗಡಿಗೆ ಹೋಗಿದ್ದವಳು ಸದ್ದು ಕೇಳಿ ಓಡಿ ಬಂದಿದ್ದಳು. ಗಂಡನ ಮಾನ ಕಾಪಾಡುವುದರಲ್ಲಿ ಅವಳು ಎಂದೂ ಹಿಂದೆ ಬಿದ್ದವಳಲ್ಲ.

"ಏನ್ ಮೇಡಂ, ನಮ್ಮನೆಯವರ ಮೇಲೆ ತಪ್ಪು ಹಾಕ್ತಿದ್ದೀರಾ? ಇನ್ನೊಂದ್ಸಲ ಸಾರು ಬೇಕಿದ್ರೂ ಬಾಯ್ಬಿಟ್ಟು ಕೇಳಲ್ಲ ಇವ್ರು. ಫ್ರೆಂಡ್ ತಪ್ಪನ್ನ ಮೈಮೇಲೆ ಎಳ್ಕೊಳ್ಳೋದು ಇವ್ರ ಹುಟ್ಟುಗುಣ."

"ನಿಜ, ನಿಜ" ಎಂದು ಬೀದಿ ಒಕ್ಕೊರಲಿನಿಂದ ಒಪ್ಪಿತು. ಚೈತ್ರಳ ಅನುಮಾನ ಕರಗಿಹೋಯಿತು. "ಸೂಪರ್!" ಎಂದು ಅವಳು ಹಿಗ್ಗಿದಳು. "ಇಷ್ಟು ವಯಸ್ಸಾದ್ರೂ ಬೀದಿ ಪೂರ್ತಿ ಎದ್ದು ಬರೋ ಹಾಗೆ ಹಾಡಿದ್ರಲ್ಲ ಸೋಮನಾಥ್ ಸಾರ್! ಈ ಕಂಪ್ಲೇಂಟೂ ಬೋರ್ಡ್‌ಗೆ ಹಾಕ್ತೀನಿ, ದೊಡ್ಡದಾಗಿ."

ಪಿಳ್ಳಪ್ಪನವರು ಅಲ್ಲೇ ಒಂದು ಬೈಕಿನ ಸೀಟಿನ ಮೇಲೆ ಪುಸ್ತಕ ಬಿಚ್ಚಿ ದುಂಡಗೆ ಬರೆದರು: 'ಇಂದು ಸಂಜೆ ಸೋಮನಾಥ ಎಂಬುವನು ಹಿಂದಿಗಿಂತಲೂ ಭೀಕರವಾಗಿ ಕಿರುಚಿರುತ್ತಾನೆ.' ಬೀದಿಯವರೆಲ್ಲ ಸಾಲಾಗಿ ರುಜು ಹಾಕಿದರು. ಕೊನೆಗೆ ಅವರು ಪೆನ್ನನ್ನು ರವಿಕಿರಣನ ಕಡೆ ಚಾಚಿದರು.

"ಪ್ರತ್ಯಕ್ಷ ಕಂಡೋನು ನೀನೊಬ್ನೇ ಕಣಪ್ಪ. ಸಾಕ್ಷಿ ಅಂತ ಇದೆಯಲ್ಲ, ಅಲ್ಲಿ ಹಾಕು."

ರವಿಕಿರಣ ಹಿಂದೆ ಸರಿದ. ಚೈತ್ರ ಗಡಿಯಾರ ನೋಡಿಕೊಂಡು ಅವನ ಕಿವಿಯ ಹತ್ತಿರ ಬಗ್ಗಿದಳು. "ಬೇಗ ಸಾರ್, ಆರಕ್ಕೆ ಐದು ನಿಮಿಷ ಇದೆ. ಈ ಪುಟಾನೇ ಫೋಟೋ ತೆಗೆದು ಪ್ರಿಂಟ್‌ಗೆ ಕಳಿಸ್ತೀನಿ. ಸೈನ್ ಮಾಡಿದ್ರೆ ನಿಮ್ಮ ಹೆಸ್ರೂ ಬೋರ್ಡಲ್ಲಿ ಬರತ್ತೆ."

ರವಿಕಿರಣ ಒಂದು ಗಳಿಗೆ ಪುಸ್ತಕ ನೋಡಿದ, ಇನ್ನೊಂದು ಗಳಿಗೆ ಗಡಿಯಾರ ನೋಡಿದ. ಆಮೇಲೆ ಪೆನ್ನು ಕಿತ್ತುಕೊಂಡು, ಕಿರುಚಿದವನು ಸೋಮನಾಥನೇ ಎಂಬುದಕ್ಕೆ ಸಾಕ್ಷಿಯಾಗಿ, ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದ.